ಮೀಡಿಯಂ ಅಂದರೆ ನಾನು

ಫೆಬ್ರವರಿ 9

…ಅದಕ್ಕೇ ನಾನು ಹೇಳಿದ್ದು, ಜೇಬಮ್ಮನ ವಿಷಯ ಗೊತ್ತಿಲ್ಲದವರು ಗುಂಪಿನಲ್ಲಿ ಬಾಯಿ ಬಿಡಬಾರದು ಅಂತ. ನಿನ್ನೆ ಯಾವಳೋ ಒಬ್ಬಳು "ಅವರ ಕಾಲ ಮುಗೀತು ಬಿಡ್ರೇ" ಅಂತ ಬರೆದಿದ್ದಳು. ಮುಗೀತಂತೆ! ಅವಳಿಗೆ ಸಾಲುಸಾಲು ಉತ್ತರ ಬರೆದು, ಹಳೆಯ ಫೋಟೋಗಳನ್ನೆಲ್ಲ ಹಾಕಿ, ಕೊನೆಗೆ ಅಡ್ಮಿನ್ ಅಧಿಕಾರ ಚಲಾಯಿಸಿ ಒಂದು ದಿನ ಬಾಯಿ ಕಟ್ಟಿಸಿದೆ. ಓಡುವ ಹೆಂಗಸರ ಈ ಬೆವರು ಬಳಗದಲ್ಲಿ ಇರಬೇಕಾದರೆ ಜೇಬಮ್ಮನಿಗೆ ಮರ್ಯಾದೆ ಕೊಡಬೇಕು, ಅಷ್ಟೇ.

ಯಾಕೆ ಕೊಡಬೇಕು? ಹೆಂಗಸರ ಓಟದ ಪ್ಯಾಂಟಿಗೆ ನಿಜವಾದ ಜೇಬು ಇಟ್ಟವರು ಅವರು. ಅದಕ್ಕೆ ಮುಂಚೆ ಮನೆ ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ಓಡಬೇಕಿತ್ತು. ಅವರೇ ಒಂದು ಕಾಲದಲ್ಲಿ ದೂರದ ಓಟಗಾರ್ತಿ. ತೊಡೆ ಉಜ್ಜಿ ಉಜ್ಜಿ ರಕ್ತ ಬಂದಾಗ ಅಣ್ಣನ ಚಡ್ಡಿ ಕತ್ತರಿಸಿ, ಹೊಲಿಗೆಯ ಒರಟು ಬದಿಯನ್ನು ಹೊರಕ್ಕೆ ತಿರುಗಿಸಿ, ಅಮ್ಮನ ಮಿಷನ್ನಿನಲ್ಲಿ ಮತ್ತೆ ಹೊಲಿದುಕೊಂಡರು. ಆ ಒಂದು ಚಡ್ಡಿಯಿಂದ ಇಡೀ ಕಂಪನಿ ಹುಟ್ಟಿತು. ಶಾಲೆಯಲ್ಲಿ ಕೊಟ್ಟ ಚಡ್ಡಿಯನ್ನು ಕೆಳಕ್ಕೆ ಎಳೆದುಕೊಳ್ಳುತ್ತಾ ನಿಂತು, ಓಟವನ್ನೇ ಬಿಟ್ಟಿದ್ದ ನಾನು ಅಕ್ಕನ ಹಳೆಯ ಜೇಬಮ್ಮ ಪ್ಯಾಂಟ್ ಹಾಕಿಕೊಂಡು ಮತ್ತೆ ಓಡಿದೆ. ಇದೆಲ್ಲ ಗುಂಪಿನಲ್ಲಿ ಎಷ್ಟು ಸಲ ಬರೆದಿದ್ದೇನೋ.

ಸರಿ, ಈಗ ಮುಖ್ಯ ವಿಷಯ. ಇವತ್ತು ನಾನು ಅವರ ಎದುರಿಗೇ ನಿಂತಿದ್ದೆ!

ಫಿಟ್ಟಿಂಗಿಗೆ ಹುಡುಗಿ ಬೇಕು ಅಂತ ಕಂಪನಿಯವರು ಜಾಹೀರಾತು ಹಾಕಿದ್ದರು. ಹೊಸ ಬಟ್ಟೆಯನ್ನು ಮೊದಲು ಅವಳ ಮೈಮೇಲೆ ಹಾಕಿ ನೋಡಿ, ತಿದ್ದಿ, ಆಮೇಲೆ ಸಾವಿರಗಟ್ಟಲೆ ಹೊಲಿಯುತ್ತಾರೆ. ಜೇಬಮ್ಮ, ಅಲ್ಲಿ ಎಲ್ಲರಿಗೂ ಮೇಡಂ, ಟೇಪಿನ ಕಡೆ ತಿರುಗಿಯೂ ನೋಡಲಿಲ್ಲ. ಕಣ್ಣು ಮುಚ್ಚಿ ನನ್ನ ಸೊಂಟದ ಹತ್ತಿರ ಬಟ್ಟೆ ಚಿವುಟಿದರು, ಆಮೇಲೆ ತೊಡೆಯ ಹತ್ತಿರ. "ಓಡು" ಅಂದರು. ಮೆಟ್ಟಿಲಿನ ತನಕ ಓಡಿ ಬಂದೆ. ಮತ್ತೆ ಚಿವುಟಿದರು.

"ಇವಳೇ. ನೋಡಿ ಮಾಸ್ಟರ್, ಮೀಡಿಯಂ ಅಂದ್ರೆ ಇವಳು."

ಜೀವನದಲ್ಲಿ ಯಾರಾದರೂ ನಿನ್ನನ್ನು ಮೀಡಿಯಂ ಅಂದದ್ದಕ್ಕೆ ಅಳು ಬಂದಿದೆಯಾ? ನನಗೆ ಬಂತು.

ಮಾರ್ಚ್ 2

ಕೆಲಸದ ಕೋಣೆ ದೊಡ್ಡದು, ಆದರೆ ನಡೆದಾಡಲು ಜಾಗವಿಲ್ಲ. ಗೋಡೆಯುದ್ದಕ್ಕೂ ಕಂದು ಕಾಗದದ ಪ್ಯಾಟರ್ನುಗಳು ಚರ್ಮ ಒಣಹಾಕಿದ ಹಾಗೆ ನೇತಾಡುತ್ತವೆ. ಕಿಟಕಿಯ ಹತ್ತಿರ ಕಟಿಂಗ್ ಮಾಸ್ಟರ್ ಮೇಜು. ಥಾನಿನಿಂದ ಬಿಚ್ಚಿದ ಬಟ್ಟೆಯನ್ನು ಅವರು ಒಂದು ದಿನ ಸುಮ್ಮನೆ ಹರವಿ ಬಿಡುತ್ತಾರೆ. ಎಳೆದು ಸುತ್ತಿಟ್ಟ ಬಟ್ಟೆ ತಕ್ಷಣ ಕತ್ತರಿಸಿದರೆ ಆಮೇಲೆ ಕುಗ್ಗುತ್ತದಂತೆ.

"ಬಟ್ಟೆಗೂ ಸುಸ್ತಾಗತ್ತೆ ಕಣಮ್ಮ. ಮಲಗಿಸಿ ಎಬ್ಬಿಸ್ಬೇಕು. ನನ್ ಹೆಂಡ್ತಿಗಿಂತ ಚೆನ್ನಾಗಿ ನೋಡ್ಕೋತೀನಿ ಇದನ್ನ" ಅಂದರು ಮಾಸ್ಟರ್.

"ಅದನ್ನ ಅವ್ರ ಮುಂದೆ ಹೇಳಿ ನೋಡೋಣ" ಅಂದರು ಮೇಡಂ, ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ.

ಇಲ್ಲಿ ಅಳತೆಯ ಪಟ್ಟಿ ಗಿಟ್ಟಿ ಏನೂ ಇಲ್ಲ. ನನ್ನ ಮೈಮೇಲೆ ಮೇಡಂ ಸೂಜಿ ಚುಚ್ಚಿದ ಜಾಗವೇ ಅಳತೆ. ಅದನ್ನು ನೋಡಿ ಮಾಸ್ಟರ್ ಪ್ಯಾಟರ್ನಿನ ಕಾಗದ ಕತ್ತರಿಸುತ್ತಾರೆ, ಆ ಕಾಗದ ಇಟ್ಟು ಬಟ್ಟೆ ಕತ್ತರಿಸುತ್ತಾರೆ. ನನಗೆ ಸರಿಯಾದದ್ದು ಮೀಡಿಯಂ. ಅದಕ್ಕೆ ಒಂದಿಷ್ಟು ಕೂಡಿಸಿದರೆ ಲಾರ್ಜ್, ಕಳೆದರೆ ಸ್ಮಾಲ್. ಅಂದರೆ ಊರಿನ ಹೆಂಗಸರೆಲ್ಲ ನನ್ನಿಂದಲೇ ಹೊರಟು ದೊಡ್ಡವರೋ ಚಿಕ್ಕವರೋ ಆಗುತ್ತಾರೆ! ಗುಂಪಿನಲ್ಲಿ ಹೇಳಲು ನಾಲಿಗೆ ತುರಿಸುತ್ತಿದೆ. ಹೇಳಬಾರದು ಅಂತ ಸಹಿ ಹಾಕಿಸಿಕೊಂಡಿದ್ದಾರೆ.

ಮೇಡಂ ಹೇಳಿದ ಮಾತು ಇದು, ಇಲ್ಲಿ ಬರೆದಿಡುತ್ತೇನೆ: "ಬಟ್ಟೆ ಮೈ ಹತ್ರ ಬರ್ಬೇಕು. ಮೈ ಬಟ್ಟೆ ಹತ್ರ ಹೋಗ್ಬಾರ್ದು."

ಮಾರ್ಚ್ 11

ಅಳತೆ ತೆಗೆಯುವವರನ್ನು ಎಲ್ಲರೂ ಟೇಪಕ್ಕ ಅನ್ನುತ್ತಾರೆ. ವಾರಕ್ಕೊಮ್ಮೆ ನನ್ನನ್ನು ಅಳೆಯುವುದು ಅವರ ಕೆಲಸ. ಮೇಡಂ ಕೈಯನ್ನು ನಂಬಿದರೂ ಕಂಪನಿಗೆ ಒಂದು ರೂಲು ಬೇಕಲ್ಲ.

"ನಿನ್ಗಿಂತ ಮುಂಚೆ ಇದ್ದವಳು ಒಳ್ಳೇ ಹುಡುಗಿ. ಪಾಪ, ಸೊಂಟ ಒಂದಿಂಚು ಮೀರ್ತು. ಹೊರಟ್ಹೋದ್ಲು."

"ಅಷ್ಟಕ್ಕೇನಾ?"

"ಅಷ್ಟಕ್ಕೇ. ಹೆಚ್ಚಾದ್ರೆ ನಾನು ಮೇಡಂಗೆ ಹೇಳ್ಲೇಬೇಕು ಕಣೇ."

"ಕಮ್ಮಿ ಆದ್ರೆ?"

ಟೇಪಕ್ಕ ತಮ್ಮ ಹೊಟ್ಟೆ ತಟ್ಟಿಕೊಂಡು ನಕ್ಕರು. "ಕಮ್ಮಿ ಆದ್ರೆ ಮೇಡಂಗೆ ಯಾಕೆ ಹೇಳ್ತೀಯ, ನನ್ಗೆ ಹೇಳು! ಹೆಂಗೆ ಮಾಡ್ದೆ ಅಂತ."

ನಾನೂ ನಕ್ಕೆ. ಮನೆಗೆ ಬಂದು ಅಮ್ಮ ಎರಡನೇ ಸಲ ಬಡಿಸಲು ಬಂದಾಗ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದೆ.

ಏಪ್ರಿಲ್ 6

ಮೇಲ್ಮಹಡಿಯವರ ವಿಷಯ ಇವತ್ತು ಪೂರ್ತಿ ಗೊತ್ತಾಯಿತು. ಹೊಟ್ಟೆ ಉರಿಯುತ್ತಿದೆ.

ಎರಡು ವರ್ಷದ ಹಿಂದೆ ಮೇಡಂ ಕಂಪನಿಯನ್ನು ಒಂದು ದೊಡ್ಡ ಕಂಪನಿಯವರಿಗೆ ಮಾರಿದ್ದರಂತೆ. ಅವರದು ಮೇಲಿನ ಮಹಡಿ, ಗಾಜಿನ ಬಾಗಿಲು. ನಮ್ಮದು ಕೆಳಗೆ, ಕಾಗದದ ಚೂರು. ಲೇಬಲ್ಲಿನ ಮೇಲೆ ಮೇಡಂ ಹೆಸರು ಇನ್ನೂ ಇದೆ, ಆದರೆ ಅದು ಅವರ ಕೈಯಲ್ಲಿಲ್ಲ. ಈ ಸೀಸನ್ನಿನ ಬಟ್ಟೆ ಹೋದ ಸಲಕ್ಕಿಂತ ಹೆಚ್ಚು ವಾಪಸ್ ಬಂದರೆ ಹೆಸರು ತೆಗೆದುಬಿಡುತ್ತೇವೆ, ನೀವೂ ಮನೆಗೆ ಹೋಗಬಹುದು ಅಂದಿದ್ದಾರೆ.

ಮಾಸ್ಟರಿಗೆ ಮೇಡಂ ಮೆಲ್ಲಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. ಬಟ್ಟೆ ಹಾಕಿಕೊಂಡು ನಿಂತವಳು ಅಲ್ಲಿ ಇದ್ದಾಳೆ ಅಂತ ಯಾರಿಗೂ ನೆನಪಿರುವುದಿಲ್ಲ.

"ಇದು ಒಂದು ಚೆನ್ನಾಗಿ ಆಗ್ಲಿ ಮಾಸ್ಟರ್. ಇದಾದ್ಮೇಲೆ ಏನ್ ಬೇಕಾದ್ರೂ ಆಗ್ಲಿ."

"ಆಗತ್ತೆ ಮೇಡಂ. ನಿಮ್ ಕೈ ಯಾವತ್ತು ಸುಳ್ಳು ಹೇಳಿದೆ?"

ನಾನು ಉಸಿರು ಬಿಗಿಹಿಡಿದು ನಿಂತೆ. ನನ್ನಿಂದ ಒಂದು ನೂಲಿನಷ್ಟೂ ತಪ್ಪಾಗಬಾರದು. ಹೊಸ ಹುಡುಗಿ ಹುಡುಕಿ, ಎಲ್ಲ ಮೊದಲಿನಿಂದ ಶುರು ಮಾಡುವಷ್ಟು ಸಮಯ ಅವರಿಗಿಲ್ಲ. ಮಧ್ಯಾಹ್ನದ ಡಬ್ಬಿಯನ್ನು ಟೇಪಕ್ಕನಿಗೆ ಕೊಟ್ಟೆ. ಅವರು ಖುಷಿಯಾಗಿ ತಿಂದರು.

ಏಪ್ರಿಲ್ 27

ಹೆಚ್ಚಾಗಿಲ್ಲ.

ಮೇ 4

ಹೆಚ್ಚಾಗಿಲ್ಲ. ಟೇಪಕ್ಕ ಈಗ ಟೇಪನ್ನು ನೋಡುವುದೂ ಇಲ್ಲ. "ನಿಂದು ಬಿಡು, ಬಂಗಾರ" ಅನ್ನುತ್ತಾರೆ.

ಮೇ 20

ಕೋಣೆಯ ಫ್ಯಾನ್ ಯಾರೋ ಜೋರಾಗಿ ಇಟ್ಟಿರುತ್ತಾರೆ, ಚಳಿ. ಫಿಟ್ಟಿಂಗ್ ಮುಗಿದ ತಕ್ಷಣ ಸ್ವೆಟರ್ ಹಾಕಿಕೊಳ್ಳುತ್ತೇನೆ. ಉಳಿದವರು ಬೆವರು ಒರೆಸಿಕೊಳ್ಳುತ್ತಾ ನನ್ನನ್ನು ನೋಡಿ ನಗುತ್ತಾರೆ.

ಹೊಸ ಓಟದ ಪ್ಯಾಂಟ್ ಬಲು ಚೆನ್ನಾಗಿದೆ. ಬೆನ್ನ ಹಿಂದೆ ಜೇಬು, ಮೊಣಕಾಲಿನ ಹಿಂದೆ ಗಾಳಿಯಾಡಲು ಜಾಲರಿ. ಮೇಡಂ ಕಣ್ಣು ಮುಚ್ಚಿ ಚಿವುಟಿ "ಇನ್ನೂ ಸಡಿಲ" ಅಂದು ಸೂಜಿ ಒಳಗೆ ಸರಿಸಿದರು. ಹೋದ ವಾರವೂ ಇದೇ ಜಾಗದಲ್ಲಿ ಒಳಗೆ ಸರಿಸಿದ್ದರು. ಮಿಲ್ಲಿನವರು ಬಟ್ಟೆಯನ್ನು ಸಡಿಲವಾಗಿ ನೇಯುತ್ತಿದ್ದಾರೆ ಅಂತ ಬೈದರು.

"ಮೇಡಂ, ಈ ಸಲ ಕಾಗದ ಜಾಸ್ತಿ ಉಳೀತಿದೆ. ಮೊಮ್ಮಗಳ ಪುಸ್ತಕಕ್ಕೆ ರಟ್ಟು ಹಾಕೋಕಾಯ್ತು" ಅಂದರು ಮಾಸ್ಟರ್.

"ಕಾಗದ ಉಳಿದ್ರೆ ಬಟ್ಟೇನೂ ಉಳಿಯತ್ತೆ. ಮೇಲಿನವ್ರಿಗೆ ಹೇಳಿ, ಹಾರ ಹಾಕ್ತಾರೆ."

ಎಲ್ಲರೂ ನಕ್ಕರು. ಮೇಡಂ ನಗುವುದನ್ನು ನೋಡಿ ಎಷ್ಟು ದಿನವಾಗಿತ್ತು!

ಜೂನ್ 14

ಕೊನೆಯ ಫಿಟ್ಟಿಂಗ್. ಮೆಟ್ಟಿಲಿನ ತನಕ ಓಡಿ ಬಂದಾಗ ಕಣ್ಣು ಕತ್ತಲಾಯಿತು, ಮೇಜು ಹಿಡಿದು ನಿಂತೆ. ಯಾರಿಗೂ ಗೊತ್ತಾಗಲಿಲ್ಲ. ಮೇಡಂ ನನ್ನ ಕೆನ್ನೆ ತಟ್ಟಿ "ನೀನಿಲ್ದಿದ್ರೆ ನನ್ ಕಥೆ ಮುಗೀತಿತ್ತು ಕಣೇ" ಅಂದರು.

ಇದಕ್ಕಿಂತ ಹೆಚ್ಚಿಗೆ ಏನು ಬೇಕು ಮನುಷ್ಯಳಿಗೆ.

ಬೆಳಗಿನ ಓಟ ಬಿಟ್ಟಿದ್ದೇನೆ. ಕಾಲು ಬರುವುದಿಲ್ಲ. ಕೆಲಸದ ಸುಸ್ತು. ಎಲ್ಲ ಒಂದು ಹದಕ್ಕೆ ಬಂದ ಮೇಲೆ ಮತ್ತೆ ಶುರು ಮಾಡಿದರಾಯಿತು.

ಜುಲೈ 30

ಅಂಗಡಿಗಳಿಗೆ ಬಂತು! ಕಿಟಕಿಯ ಗಾಜಿನಾಚೆ ನನ್ನ ಸೊಂಟ, ನನ್ನ ತೊಡೆ ಸಾಲಾಗಿ ನೇತಾಡುತ್ತಿವೆ. ಒಳಗೆ ಹೋಗಿ ಒಂದೊಂದನ್ನೂ ಮುಟ್ಟಿ ನೋಡಿದೆ. ಅಂಗಡಿಯವಳು ಕಳ್ಳಿ ಅಂದುಕೊಂಡಳೋ ಏನೋ, ಹಿಂದೆಯೇ ಬಂದಳು.

ಅಕ್ಕನಿಗೆ ಒಂದು ಪ್ಯಾಂಟ್ ತಂದೆ. ನಾವಿಬ್ಬರೂ ಚಿಕ್ಕಂದಿನಿಂದ ಒಂದೇ ಅಳತೆ. ಒಂದೇ ಕಪಾಟು, ಯಾರು ಮೊದಲು ಎದ್ದರೆ ಅವರಿಗೆ ಒಳ್ಳೆಯ ಅಂಗಿ. ಭಾವನ ಮನೆಗೆ ಹೋದ ಮೇಲೂ ಬಂದಾಗೆಲ್ಲ ನನ್ನದನ್ನೇ ಹಾಕಿಕೊಂಡು ಹೋಗುತ್ತಾಳೆ. ಇವತ್ತು ಹೊಸ ಪ್ಯಾಂಟ್ ಅವಳ ತೊಡೆ ದಾಟಲಿಲ್ಲ.

"ಲೇ, ಇದು ಸ್ಮಾಲ್ ಕಣೇ."

"ಮೀಡಿಯಂ. ಲೇಬಲ್ ನೋಡು. ನೀನು ದಪ್ಪ ಆಗಿದೀಯ ಅಷ್ಟೇ."

"ನಾನು ಹಾಕ್ಕೊಂಡ್ ಬಂದಿರೋದು ನಿನ್ ಹಳೇ ಪ್ಯಾಂಟ್ ಕಣೇ ಕೋತಿ! ಇದೆಂಗೆ ಹಿಡೀತು ಮತ್ತೆ?"

"ಹಳೇದು ಎಳೆದು ಎಳೆದು ಸಡಿಲ ಆಗಿರತ್ತೆ."

ಅಕ್ಕ ನನ್ನ ಮುಂಗೈ ಹಿಡಿದಳು. ಅವಳ ಹೆಬ್ಬೆರಳು ಮತ್ತು ನಡುಬೆರಳು ಸುತ್ತು ಹಾಕಿ ಒಂದರ ಮೇಲೊಂದು ಬಂದವು. ಅವಳು ಏನೋ ಹೇಳುವುದರೊಳಗೆ ಕೈ ಬಿಡಿಸಿಕೊಂಡೆ. ಅಡುಗೆಮನೆಯಿಂದ ಅಮ್ಮ ಕೂಗಿದಳು: "ಹೊಟ್ಟೆಗೆ ಹಿಟ್ಟಿಲ್ದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು! ಊಟಕ್ಕೆ ಬಾ ಅಂದ್ರೆ ಪ್ಯಾಂಟಂತೆ ಪ್ಯಾಂಟು."

ಇಬ್ಬರಿಗೂ ನನ್ನ ಕೆಲಸ ಅಂದರೆ ಹಗುರ.

ಆಗಸ್ಟ್ 18

ಗುಂಪಿನಲ್ಲಿ ಗಲಾಟೆ. "ಜೇಬಮ್ಮನೂ ಹೀಗೆ ಮಾಡಿದರೆ ನಾವು ಎಲ್ಲಿ ಹೋಗೋದು?" "ನಾನು ಹತ್ತು ವರ್ಷದಿಂದ ಮೀಡಿಯಂ, ಈಗ ಲಾರ್ಜೂ ಹತ್ತಲ್ಲ." "ಕಂಪನಿ ಬಟ್ಟೆ ಉಳಿಸ್ತಿದೆ." ಸಾಲುಸಾಲು. ನಾನು ಒಬ್ಬಳೇ ಎಲ್ಲರಿಗೂ ಉತ್ತರ ಕೊಟ್ಟೆ. ಬಟ್ಟೆ ಸರಿಯಾಗಿಯೇ ಇದೆ, ಕನ್ನಡಿ ನೋಡಿಕೊಳ್ಳಿ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅಂದೆ. ಅದಕ್ಕೆ ಮೂವರು ಗುಂಪು ಬಿಟ್ಟು ಹೋದರು. ಹೋಗಲಿ.

ಮೊಲದಮರಿ ಅನ್ನುವ ಹೆಸರಿನವಳು ಮಾತ್ರ ಪಾಪ. ಶಾಲೆಯ ಹುಡುಗಿ, ಓಟದ ಪಂದ್ಯಕ್ಕೆ ತಯಾರಾಗುತ್ತಿದ್ದಾಳೆ. ಜಗಳವಾಡಲಿಲ್ಲ, ನನಗೆ ಬೇರೆಯಾಗಿ ಬರೆದಳು.

"ಅಕ್ಕ, ನಂಗೆ ಯಾವಾಗ್ಲೂ ಮೀಡಿಯಮ್ಮೇ ಆಗ್ತಿತ್ತು. ಈಗ ಆಗ್ತಿಲ್ಲ. ನನ್ ಮೈ ಕೆಟ್ಟೋಗಿದ್ಯಾ?"

ಎಷ್ಟು ಮುದ್ದಾಗಿ ಕೇಳಿದ್ದಾಳೆ. "ಕೆಟ್ಟಿಲ್ಲ ಪುಟ್ಟಾ. ಸ್ವಲ್ಪ ದಿನ ರಾತ್ರಿ ಊಟ ಬಿಟ್ಟು ನೋಡು, ತಾನೇ ಹಿಡಿಯತ್ತೆ. ನಾನೂ ಹಾಗೇ ಮಾಡೋದು" ಅಂದೆ. ಹಾರ್ಟ್ ಕಳಿಸಿದಳು.

ಸೆಪ್ಟೆಂಬರ್ 9

ವಾಪಸ್ ಬಂದ ಪಾರ್ಸೆಲ್ಲುಗಳನ್ನು ನಮ್ಮ ಕೋಣೆಯಲ್ಲೇ ಇಡುತ್ತಿದ್ದಾರೆ. ಗೋದಾಮಿನಲ್ಲಿ ಜಾಗವಿಲ್ಲ ಅನ್ನುತ್ತಾರೆ, ಮೇಡಂಗೆ ಕಾಣಲಿ ಅಂತಲೇ ಇರಬೇಕು. ಕಿಟಕಿ ಅರ್ಧ ಮುಚ್ಚಿದೆ. ಒಂದರೊಳಗೆ ಚೀಟಿ ಇತ್ತು: "ನೀವೂ ಬೇರೆ ಕಂಪನಿಯವರ ಥರಾನೇ ಆದ್ರಾ?"

ಮೇಡಂ ಅದನ್ನು ಓದಿ ಮಡಚಿ, ಹೊಸ ಪ್ಯಾಂಟಿನ ಜೇಬಿನೊಳಗೆ ಇಟ್ಟರು. ಅವರೇ ಹೊಲಿಸಿದ ಜೇಬು.

ಸೆಪ್ಟೆಂಬರ್ 26

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದಕ್ಕೇ.

ಮೇಲ್ಮಹಡಿಯವರು ಕಾರಣ ಕೇಳಿದರು. ಬಟ್ಟೆ ಕುಗ್ಗಿದೆ ಅಂತಾದರೆ ಮಾಸ್ಟರ್ ಅದನ್ನು ಹರವಿ ಬಿಡದೆ ಆತುರದಲ್ಲಿ ಕತ್ತರಿಸಿದ್ದಾರೆ ಅಂತ ಅವರೇ ತೀರ್ಮಾನ ಮಾಡಿದರು. ಮೇಡಂ ಮಾಸ್ಟರನ್ನು ಕೇಳಿದರು. ಎಲ್ಲರ ಎದುರಿಗೇ.

"ಮಾಸ್ಟರ್, ಒಂದ್ಸಲವಾದ್ರೂ ಹರವೋದನ್ನ ಬಿಟ್ರಾ?"

ಮಾಸ್ಟರ್ ಕತ್ತರಿಯನ್ನು ಮೇಜಿನ ಮೇಲಿಟ್ಟರು. "ನೀವು ಕೇಳ್ತಿದೀರಾ, ಅವ್ರು ಕೇಳಿಸ್ತಿದಾರಾ?"

"ನಾನೇ ಕೇಳ್ತಿದೀನಿ."

"ಹಂಗಾದ್ರೆ ಉತ್ತರ ಬೇಡ ಬಿಡಿ ಮೇಡಂ."

ಕನ್ನಡಕ, ಡಬ್ಬಿ ಚೀಲ ತೆಗೆದುಕೊಂಡು ಹೊರಟುಬಿಟ್ಟರು. ಕತ್ತರಿ ಅಲ್ಲೇ ಇದೆ. ಮೇಜಿನ ಮೇಲೆ ಒಂದು ಥಾನು ಹರವಿಕೊಂಡು ಮಲಗಿತ್ತು.

ಅವರು ಹರವುವುದನ್ನು ಬಿಟ್ಟಿರಲಿಲ್ಲ. ನಾನು ದಿನಾ ನೋಡಿದ್ದೇನೆ. ಹೇಳಬೇಕು ಅನ್ನಿಸಿತು, ಆದರೆ ನಿಂತ ಜಾಗದಲ್ಲೇ ತಲೆ ಧಿಮ್ ಅಂದಿತು, ಕುರ್ಚಿ ಹಿಡಿದುಕೊಂಡೆ. ತಲೆ ಸರಿಯಾಗುವಷ್ಟರಲ್ಲಿ ಅವರು ಮೆಟ್ಟಿಲು ಇಳಿದಾಗಿತ್ತು.

ಸೆಪ್ಟೆಂಬರ್ 27

ಬಚ್ಚಲಿನ ಜಾಲರಿಯಲ್ಲಿ ಕೂದಲು ಕಟ್ಟಿಕೊಂಡು ನೀರು ನಿಂತಿತ್ತು. ಅಮ್ಮ ಬೈದಳು.

ಅಕ್ಟೋಬರ್ 15

ಬರೆಯಬೇಕೋ ಬೇಡವೋ. ಬರೆಯುತ್ತೇನೆ.

ಮೇಡಂ ಒಬ್ಬರೇ ಇದ್ದರು. ಹಳೆಯ ಪೆಟ್ಟಿಗೆಗಳನ್ನೆಲ್ಲ ಬಿಚ್ಚಿ ಕೂತಿದ್ದರು. ಮಾರ್ಚಿನಲ್ಲಿ ಮೊದಲ ಸಲ ನನಗೆ ತೊಡಿಸಿ ತಿದ್ದಿದ ನೀಲಿ ಪ್ಯಾಂಟನ್ನು ಎತ್ತಿ ಕೊಟ್ಟರು. "ಹಾಕ್ಕೋ. ಬಟ್ಟೆ ಎಷ್ಟು ಕುಗ್ಗಿದೆ ನೋಡ್ತೀನಿ."

ಹಾಕಿಕೊಂಡು ಹೊರಗೆ ಬಂದೆ. ಸೊಂಟದ ಹತ್ತಿರ ಕೈಯಲ್ಲಿ ಹಿಡಿದುಕೊಂಡೇ ಬರಬೇಕಾಯಿತು.

ಮೇಡಂ ಎದ್ದು ಬಂದು ಎಂದಿನ ಹಾಗೆ ಕಣ್ಣು ಮುಚ್ಚಿ ಚಿವುಟಿದರು. ಬಟ್ಟೆ ಅವರ ಬೆರಳಿನೊಳಗೆ ಬಂತು, ಮತ್ತೆ ಬಂತು, ಬರುತ್ತಲೇ ಇತ್ತು. ಕೊನೆಗೆ ಒಂದು ಹಿಡಿ ಬಟ್ಟೆ ಹಿಡಿದು ಹಾಗೇ ನಿಂತರು. ಕಣ್ಣು ತೆರೆಯಲಿಲ್ಲ.

"ಯಾವಾಗಿಂದ?"

ನನಗೆ ಹೆಮ್ಮೆಯೇ ಆಯಿತು, ಸುಳ್ಳು ಯಾಕೆ. "ಮೊದ್ಲಿಂದ್ಲೂ ಮೇಡಂ. ಒಂದ್ಸಲಾನೂ ಹೆಚ್ಚಾಗಿಲ್ಲ. ಟೇಪಕ್ಕನ್ನ ಕೇಳಿ ಬೇಕಾದ್ರೆ."

ಅವರು ನೆಲದ ಮೇಲೆ ಕೂತುಬಿಟ್ಟರು. ಪಾರ್ಸೆಲ್ಲುಗಳ ಮಧ್ಯೆ. ಪ್ಯಾಂಟಿನ ಬಟ್ಟೆ ಅವರ ಮುಷ್ಟಿಯಲ್ಲೇ ಇದ್ದದ್ದರಿಂದ ನಾನೂ ಬಗ್ಗಬೇಕಾಯಿತು.

"ಇಷ್ಟು ಹೆಂಗಸ್ರನ್ನ ನಿನ್ನೊಳಗೆ ತುರುಕಿಬಿಟ್ನಲ್ಲೇ" ಅಂದರು. "ನೀನು ಕರಗ್ತಾ ಹೋದೆ, ನಾನು ಸೂಜಿ ಚುಚ್ತಾ ಹೋದೆ. ಅಯ್ಯೋ, ಆ ಮನುಷ್ಯನ್ನ ಬೇರೆ ಕಳಿಸ್ದೆ."

"ನಿಮ್ಗೋಸ್ಕರ ಮೇಡಂ" ಅಂದೆ. ಅಷ್ಟೇ ಅಂದದ್ದು.

"ಊಟ ಮಾಡಿದ್ಯಾ ಇವತ್ತು?"

ಹೂಂ ಅಂದೆ. ಅವರು ತಮ್ಮ ಚೀಲದಿಂದ ಬಾಳೆಹಣ್ಣು ತೆಗೆದು, ಸುಲಿದು, ಮಗುವಿಗೆ ಕೊಡುವ ಹಾಗೆ ಬಾಯಿಯ ಹತ್ತಿರ ಹಿಡಿದರು. ತಿಂದೆ. ಅವರ ಕೈಯಿಂದ ಬಂದದ್ದನ್ನು ಬೇಡ ಅನ್ನುವುದು ಹೇಗೆ?

ಆಮೇಲೆ ಬಚ್ಚಲಿಗೆ ಹೋಗಿ, ಬಾಯಿ ತೊಳೆದುಕೊಂಡು ಬಂದೆ.

ನನಗೆ ಅರ್ಥವಾಗಿಲ್ಲ ಅಂತಲ್ಲ. ಅರ್ಥವಾಯಿತು, ಬಟ್ಟೆಯ ಮಟ್ಟಿಗೆ.

ಅಕ್ಟೋಬರ್ 16

ಟೇಪಕ್ಕ ರಜೆ. ಯಾರೂ ಅಳೆಯಲಿಲ್ಲ. ನಾನೇ ಅಳೆದುಕೊಂಡೆ.

ನವೆಂಬರ್ 3

ಮೇಡಂ ಮೇಲ್ಮಹಡಿಗೆ ಹೋಗಿ "ತಪ್ಪು ಮಾಸ್ಟರದ್ದಲ್ಲ, ನನ್ ಕೈದು. ಕೈ ಹೋಗಿದೆ" ಅಂದರಂತೆ. ನನ್ನ ಹೆಸರು ಎತ್ತಲೇ ಇಲ್ಲವಂತೆ. ಮೇಲಿನವರಿಗೂ ಅದೇ ಬೇಕಿತ್ತು. ಮಾಸ್ಟರ್ ಮನೆಗೂ ಹೋಗಿದ್ದರಂತೆ, ಅವರು ಬಾಗಿಲಿಗೇ ಬರಲಿಲ್ಲ. ಹೆಂಡತಿ ಬಂದು "ಮಲಗಿದಾರೆ" ಅಂದರಂತೆ.

ಇವತ್ತು ಮೇಲಿನವರು ಬಂದು ಲೇಬಲ್ ಕತ್ತರಿಸಿದರು. ಉಳಿದ ಬಟ್ಟೆಗಳಿಂದ ಮೇಡಂ ಹೆಸರನ್ನು ಒಂದೊಂದಾಗಿ ಬಿಚ್ಚಿ ಬುಟ್ಟಿಗೆ ಹಾಕಿದರು. ಕಾಲು ಶತಮಾನದ ಹೆಸರು ಒಂದು ಕಸದ ಬುಟ್ಟಿಯನ್ನೂ ಪೂರ್ತಿ ತುಂಬಲಿಲ್ಲ.

ಹೋಗುವಾಗ ಮೇಡಂ ಆ ನೀಲಿ ಪ್ಯಾಂಟನ್ನು ನನ್ನ ಕೈಗೆ ಕೊಟ್ಟರು. "ಇದು ನಿನ್ಗೆ ಸರಿಹೋದ ದಿನ ಫೋನ್ ಮಾಡು. ಅವತ್ತೇ ಮಾಡು. ಅದಕ್ಕೆ ಮುಂಚೆ ಮಾಡ್ಬೇಡ."

ಅವರು ಮೆಟ್ಟಿಲು ಇಳಿದು ಕೆಳಗೆ ಹೋಗುವ ತನಕ ಒಂದು ಸಲವೂ ತಿರುಗಲಿಲ್ಲ. ಬೀಗದ ಕೈಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡಿದ್ದರು.

ಮಧ್ಯಾಹ್ನ ಮೇಲ್ಮಹಡಿಯಿಂದ ಒಬ್ಬರು ಇಳಿದು ಬಂದರು. ಹೊಸ ಮುಖ್ಯಸ್ಥೆ, ನಗುಮುಖದವರು. ನನ್ನ ಸುತ್ತ ಒಂದು ಸುತ್ತು ಬಂದರು.

"ಈ ಮೈನೇ ಬೇಕು ನಮ್ಗೆ. ಇನ್ಮೇಲೆ ಇದೇ ನಮ್ಮ ಮೀಡಿಯಂ."

"ಅಳತೆ ರೂಲು…"

"ಅದೇ ರೂಲು. ಇನ್ನೊಂಚೂರು ಕಮ್ಮಿ ಆದ್ರೂ ಪರ್ವಾಗಿಲ್ಲ, ಚಿನ್ನ."

ಸಹಿ ಹಾಕಿದೆ. ಬೇರೆ ಏನು ಕೆಲಸ ಗೊತ್ತು ನನಗೆ? ಇಡೀ ಊರಿನ ಅಳತೆಯಾಗಿದ್ದವಳು ಇನ್ನೇನಾಗಲಿ?

ನವೆಂಬರ್ 20

ಚಳಿ. ಎರಡು ಸ್ವೆಟರ್. ಒಳಗೆ ನೀಲಿ ಪ್ಯಾಂಟನ್ನು ಹೊಟ್ಟೆಗೆ ಸುತ್ತಿಕೊಂಡಿದ್ದೇನೆ, ಅದು ಎರಡು ಸುತ್ತು ಬರುತ್ತದೆ. ಬೆಚ್ಚಗಿದೆ. ಅಕ್ಕ ಬಾಗಿಲಿನಾಚೆ ಕೂತಿದ್ದಾಳೆ. ಭಾವನ ಮನೆಯಿಂದ ಚೀಲ ಸಮೇತ ಬಂದುಬಿಟ್ಟಿದ್ದಾಳೆ. "ತೆಗೀತೀಯೋ, ಒಡೀಲೋ?" ಅಂತ ಆಗಿನಿಂದ ಕೇಳುತ್ತಿದ್ದಾಳೆ. ಒಡೆಯುವುದಿಲ್ಲ, ಗೊತ್ತು. ಅಳುತ್ತಿದ್ದಾಳೆ.

ಬೆವರು ಬಳಗದಲ್ಲಿ ಈಗ ಯಾರೂ ಬರೆಯುವುದಿಲ್ಲ. ಕೊನೆಯ ಸಂದೇಶ ನನ್ನದೇ, ತಿಂಗಳ ಹಿಂದಿನದು.

ಇವತ್ತು ಮೊಲದಮರಿ ಬರೆದಳು. ನನಗೆ, ಬೇರೆಯಾಗಿ. ಫೋಟೋ ಕಳಿಸಿದ್ದಾಳೆ: ಹೊಸ ಪ್ಯಾಂಟು, ಕನ್ನಡಿ, ಫೋನ್ ಹಿಡಿದ ಕೈ. ಮೊಣಕೈಯ ಮೂಳೆ ಕಾಣುತ್ತದೆ.

"ಅಕ್ಕಾ, ಹಿಡೀತು!! ನೀವ್ ಹೇಳ್ದಂಗೇ ಮಾಡ್ದೆ. ಥ್ಯಾಂಕ್ಸ್ ಅಕ್ಕ. ಆದ್ರೆ ಪಂದ್ಯದಲ್ಲಿ ಅರ್ಧಕ್ಕೇ ಬಿದ್ಬಿಟ್ಟೆ. ಎದ್ರೆ ತಲೆ ಸುತ್ತತ್ತೆ, ಓಡೋಕೇ ಆಗ್ತಿಲ್ಲ. ಅದಕ್ಕೇನ್ ಮಾಡೋದು?"

ಎರಡು ಸಲ ಬರೆದು ಅಳಿಸಿದೆ. ಅವಳ ಹೆಸರಿನ ಪಕ್ಕದಲ್ಲಿ ಹಸಿರು ಚುಕ್ಕೆ ಉರಿಯುತ್ತಲೇ ಇದೆ, ಕಾಯುತ್ತಿದ್ದಾಳೆ. ಇದನ್ನೆಲ್ಲ ಓದುತ್ತಾ ಬಂದ ನೀನು ಫೆಬ್ರವರಿಯಿಂದ ನನ್ನ ಒಂದೊಂದು ಮಾತನ್ನೂ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡೆಯಲ್ಲ, ನಿನಗೆ ಎಲ್ಲ ಮೊದಲೇ ಗೊತ್ತಿತ್ತಲ್ಲ. ಈಗ ಹೇಳು ನೋಡೋಣ, ಧೈರ್ಯವಿದ್ದರೆ: ಆ ಹುಡುಗಿಗೆ ನಾನು ಏನಂತ ಬರೆಯಲಿ?